ಪೌಚಿಗೊಂದು ಗುರುತು: ಡಿಜಿಟಲ್ ಮುದ್ರಣದ ಆಹಾರ ಪೊಟ್ಟಣ ಕಟ್ಟಿದ ಬಗೆ

ಬೇಕಾಗಿದ್ದದ್ದು ಇಷ್ಟು. ಹುರಿದ ಬಾದಾಮಿಗೆ 250 ಗ್ರಾಮಿನ, ತನ್ನ ಬುಡದ ಮೇಲೆ ತಾನೇ ನಿಲ್ಲುವ, ಜಿಪ್ ಇರುವ ಪೌಚು. ನಾಲ್ಕು ರುಚಿ, ರುಚಿಗೆ 3,000ದಂತೆ ಒಟ್ಟು 12,000. ಪ್ರತಿ ಪೌಚಿನ ಬೆನ್ನಿಗೂ ಒಂದು ಕ್ಯೂಆರ್ ಕೋಡು, ಒಂದರಂತೆ ಇನ್ನೊಂದಿರಬಾರದು. ಗ್ರಾವ್ಯೂರ್ ಮುದ್ರಣದಲ್ಲಿ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕು, ಕೆತ್ತಿದ ಸಿಲಿಂಡರ್ ಸುತ್ತು ಸುತ್ತಿಗೂ ಅದೇ ಚಿತ್ರವನ್ನು ಒತ್ತುತ್ತದೆ. ಹಾಗಾಗಿ ಈ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಡಿಜಿಟಲ್ ಯಂತ್ರಕ್ಕೆ ಸಿಲಿಂಡರೂ ಬೇಡ, ಪ್ಲೇಟೂ ಬೇಡ. ಪ್ರತಿ ಚೌಕಟ್ಟನ್ನೂ ಅದು ಹೊಸದಾಗಿ ಬಿಡಿಸುತ್ತದೆ.

ಈ ಸ್ವಾತಂತ್ರ್ಯ ಸಿಕ್ಕ ಕೂಡಲೇ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎಲ್ಲವನ್ನೂ ಕೋಡಿನೊಳಗೆ ತುಂಬಿಬಿಡೋಣ ಅನ್ನಿಸುತ್ತದೆ. ಅಲ್ಲೇ ತಡೆಯಬೇಕು. ಮುದ್ರಣವಾದ ಮೇಲೆ ಲ್ಯಾಮಿನೇಶನ್ (ಫಿಲ್ಮಿನ ಪದರಗಳನ್ನು ಒಂದಕ್ಕೊಂದು ಅಂಟಿಸುವುದು), ಅಂಟು ಹದಗೊಳ್ಳಲು ಒಂದು ವಾರ, ಪೌಚು ಮಾಡುವುದು, ಸಾಗಣೆ. ತುಂಬುವ ದಿನಕ್ಕೆ ಎಷ್ಟೋ ವಾರ ಕಳೆದಿರುತ್ತದೆ. ಯಾವ ಪೌಚಿಗೆ ಯಾವ ಹುರಿತದ ಮಾಲು ಬೀಳುತ್ತದೆಂದು ಮುದ್ರಣದ ದಿನ ಯಾರಿಗೂ ಗೊತ್ತಿರುವುದಿಲ್ಲ. ಮುದ್ರಿಸುವಾಗ ಯಾವುದು ನಿಜವೋ ಅಷ್ಟನ್ನೇ ಮುದ್ರಿಸಿ, ಉಳಿದದ್ದನ್ನು ತುಂಬುವ ಸಾಲಿನಲ್ಲಿ ಕ್ಯಾಮೆರಾ ಓದಿ ಜೋಡಿಸಲಿ ಎಂಬುದು ಮೊದಲ ದಿನವೇ ಆದ ತೀರ್ಮಾನ. ಮುಂದಿನ ಎಲ್ಲ ಕೆಲಸವೂ ಅದರ ಮೇಲೆಯೇ ನಿಂತಿದೆ. ಕೋಡಿನಲ್ಲಿ ಉತ್ಪನ್ನದ ಜಿಟಿಐಎನ್ (ಆ ಉತ್ಪನ್ನಕ್ಕೇ ಮೀಸಲಾದ ವ್ಯಾಪಾರ ಸಂಖ್ಯೆ) ಮತ್ತು ಪೌಚಿನ ಕ್ರಮಗುರುತು, ಎರಡೇ ಇರುತ್ತವೆ. ಬ್ಯಾಚ್ ಮತ್ತು ದಿನಾಂಕ ಡೇಟಾಬೇಸಿನಲ್ಲಿ. ಕಣ್ಣಿಗೆ ಕಾಣುವ ದಿನಾಂಕ ತುಂಬುವಾಗ ಬೀಳುವ ಅಚ್ಚಿನಲ್ಲಿ. ಇದರಿಂದ ಒಂದು ನಷ್ಟವಿದೆ: ಅಂಗಡಿಯ ಸ್ಕ್ಯಾನರ್ ಇಂಟರ್ನೆಟ್ ಇಲ್ಲದೆ ಕೋಡಿನಿಂದಲೇ ದಿನಾಂಕ ತಿಳಿಯಲಾರದು. ದಿನಾಂಕ ಕೋಡಿನಲ್ಲೇ ಇರಬೇಕೆಂದರೆ ಆ ಕೋಡನ್ನೂ ತುಂಬುವ ಸಾಲಿನಲ್ಲೇ ಮುದ್ರಿಸಬೇಕಾಗುತ್ತದೆ. ಅದು ಬೇರೆಯದೇ ಯೋಜನೆ.

ಅಳತೆ ಮತ್ತು ಫಿಲ್ಮ್

ತೂಕದಿಂದ ಪೌಚಿನ ಅಳತೆ ಸಿಗುವುದಿಲ್ಲ, ಗಾತ್ರದಿಂದ ಸಿಗುತ್ತದೆ. ಒಂದು ಲೀಟರಿನ ಅಳತೆ ಪಾತ್ರೆಗೆ ಮಾಲು ಸುರಿದು, ಮೇಜಿಗೆ ಹತ್ತು ಸಲ ತಟ್ಟಿ, ಮೇಲ್ಮಟ್ಟ ಸರಿಪಡಿಸಿ ತೂಗಿ. 560 ಗ್ರಾಂ ಬಂದರೆ 250 ಗ್ರಾಂ ಮಾಲಿಗೆ 446 ಮಿಲೀ ಜಾಗ ಬೇಕು. ಮೇಲೆ ಸೀಲ್, ಜಿಪ್ ಮತ್ತು ಖಾಲಿ ಜಾಗಕ್ಕಾಗಿ ಕಾಲು ಪಾಲಿಗಿಂತ ತುಸು ಹೆಚ್ಚೇ ಬಿಡಬೇಕು. ಹೀಗೆ 160 ಮಿಮೀ ಅಗಲ, 240 ಮಿಮೀ ಎತ್ತರ, ಬುಡದಲ್ಲಿ 40 ಮಿಮೀ ಒಳಮಡಿಕೆಗೆ ಬಂದು ನಿಂತಿತು. ಕಂಪ್ಯೂಟರಿನ ತ್ರಿಆಯಾಮ ಚಿತ್ರ ನೋಡಿ ಇದನ್ನು ಒಪ್ಪಬಾರದು. ಅಂಥ ಚಿತ್ರದಲ್ಲಿ ಪೌಚು ಯಾವಾಗಲೂ ತುಂಬಿಕೊಂಡೇ ನಿಂತಿರುತ್ತದೆ. ಕಟಿಂಗ್ ಟೇಬಲ್‌ನಲ್ಲಿ ಖಾಲಿ ಲ್ಯಾಮಿನೇಟ್ ಕತ್ತರಿಸಿ, ಕೈ ಸೀಲರಿನಲ್ಲಿ ಐದು ಪೌಚು ಮಾಡಿ, ನಿಜವಾದ ಮಾಲು ತುಂಬಿ ನಿಲ್ಲಿಸಿ ನೋಡಬೇಕು. ಹೊಟ್ಟೆ ಎಲ್ಲಿ ಉಬ್ಬುತ್ತದೆ, ಬುಡದ ವಕ್ರ ಎಲ್ಲಿಂದ ಶುರುವಾಗುತ್ತದೆ ಎಂದು ಪೆನ್ನಿನಲ್ಲಿ ಗುರುತು ಹಾಕಿ ಆ ಗೆರೆಗಳನ್ನು ಡೈಲೈನಿಗೆ, ಅಂದರೆ ಕತ್ತರಿಕೆ, ಮಡಿಕೆ, ಸೀಲ್ ತೋರಿಸುವ ನಕ್ಷೆಗೆ, ತರಬೇಕು. ಕೋಡು ಎಲ್ಲಿ ಕೂರಬೇಕೆಂದು ಹೇಳುವುದು ಈ ಗೆರೆಗಳೇ. ಇಲ್ಲಿ ಅದು ಬೆನ್ನಿನ ಮೇಲೆ, ಬುಡದ ಮಡಿಕೆಯಿಂದ 60 ಮಿಮೀ ಮೇಲಕ್ಕೆ ಬಂತು.

ಫಿಲ್ಮಿನ ಪದರಗಳು ಹೊರಗಿನಿಂದ ಒಳಕ್ಕೆ ಹೀಗೆ: 12 ಮೈಕ್ರಾನ್ ಪೆಟ್ (ಪಾಲಿಯೆಸ್ಟರ್ ಪ್ಲಾಸ್ಟಿಕ್), ಅದರ ಒಳಮೈಗೆ ಮುದ್ರಣ, ನಡುವೆ 12 ಮೈಕ್ರಾನ್ ಮೆಟಲೈಸ್ಡ್ (ತೆಳು ಲೋಹದ ಲೇಪವಿರುವ) ಪೆಟ್, ಆಹಾರಕ್ಕೆ ತಾಗುವ ಕಡೆ 70 ಮೈಕ್ರಾನ್ ಪಾಲಿಥೀನ್. ಪೆಟ್‌ನ ಸಾಂದ್ರತೆ 1.4, ಪಾಲಿಥೀನಿನದು 0.92 ಎಂದು ಹಿಡಿದರೆ ಚದರ ಮೀಟರಿಗೆ 16.8, 16.8 ಮತ್ತು 64.4 ಗ್ರಾಂ, ಅಂಟು, ಶಾಯಿ ಸೇರಿ ನೂರರ ಆಚೀಚೆ. ಬಂದ ರೋಲಿನಿಂದ 100 × 100 ಮಿಮೀ ತುಂಡು ಕತ್ತರಿಸಿ ತೂಗಿದರೆ ಸುಮಾರು 1 ಗ್ರಾಂ ಇರಬೇಕು. ಪಾಲಿಥೀನ್ ತೆಳುವಾಗಿದ್ದರೆ ಈ ಒಂದು ತೂಕದಲ್ಲೇ ಗೊತ್ತಾಗುತ್ತದೆ.

ನಡುವಿನ ಪದರ ಯಾಕೆ ಬೇಕೆಂದು ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಬಾದಾಮಿಯ ತೂಕದಲ್ಲಿ ಅರ್ಧದಷ್ಟು ಎಣ್ಣೆ. ಪೌಚಿನ ಒಟ್ಟು ಮೈ ಸುಮಾರು 0.09 ಚದರ ಮೀಟರ್. ಬರೀ 12 ಮೈಕ್ರಾನ್ ಪೆಟ್ ದಿನಕ್ಕೆ ಚದರ ಮೀಟರಿಗೆ 110 ಮಿಲೀ ಆಮ್ಲಜನಕ ಬಿಡುತ್ತದೆಂದು ಹಿಡಿಯಿರಿ. ಆ ಅಂಕಿ ಶುದ್ಧ ಆಮ್ಲಜನಕಕ್ಕೆ ಹೇಳಿದ್ದು. ಗಾಳಿಯಲ್ಲಿರುವುದು ಶೇ 21, ಹಾಗಾಗಿ ದಿನಕ್ಕೆ 2.1 ಮಿಲೀ. 180 ದಿನಕ್ಕೆ 370 ಮಿಲೀ ದಾಟುತ್ತದೆ. ಮೆಟಲೈಸ್ಡ್ ಪದರ ಸೇರಿ ಆ ಅಂಕಿ 1ಕ್ಕೆ ಇಳಿದರೆ ಅದೇ 180 ದಿನಕ್ಕೆ 3.4 ಮಿಲೀ. ಇನ್ನು ಒಳಗಿನ ಗಾಳಿಯ ಲೆಕ್ಕ. ಕಾಳುಗಳ ಸಂದು ಮತ್ತು ಮೇಲಿನ ಖಾಲಿ ಜಾಗ ಸೇರಿ ಸುಮಾರು 350 ಮಿಲೀ. ನೈಟ್ರೋಜನ್ ಊದಿ ಆಮ್ಲಜನಕವನ್ನು ಶೇ 2ಕ್ಕೆ ಇಳಿಸಿದರೂ 7 ಮಿಲೀ ಉಳಿಯಿತು. ಆರು ತಿಂಗಳಲ್ಲಿ ಗೋಡೆಯಿಂದ ನುಸುಳುವುದರ ಎರಡರಷ್ಟು ಮೊದಲ ದಿನವೇ ಒಳಗಿದೆ ಎಂದಾಯಿತು. ಇನ್ನೂ ಒಳ್ಳೆಯ ಫಿಲ್ಮಿಗೆ ದುಡ್ಡು ಸುರಿಯುವ ಮೊದಲು ನೈಟ್ರೋಜನ್ ಕೊಳವೆಯ ಬಾಯಿ ಮಾಲಿನ ಮಟ್ಟದವರೆಗೆ ಇಳಿಯುತ್ತದೆಯೇ ನೋಡಿ. ಮೇಲಿನಿಂದ ಊದಿದರೆ ಸಂದುಗಳ ಗಾಳಿ ಅಲ್ಲೇ ಉಳಿಯುತ್ತದೆ.

ಈ ಮೂರು ಪದರ ಒಟ್ಟಿಗೆ ಅಂಟಿದ ಮೇಲೆ ಮರುಬಳಕೆಗೆ ಬೇರ್ಪಡಿಸುವುದು ಕಷ್ಟ, ಅದು ನಿಜವಾದ ದೋಷ. ಪೂರ್ತಿ ಪಾಲಿಥೀನಿನದೇ ಲ್ಯಾಮಿನೇಟ್ ಸಿಗುತ್ತದೆ. ಆದರೆ ಅದರಲ್ಲಿ ಹೊರಪದರ ಕರಗುವ ಬಿಸಿಗೂ ಒಳಪದರ ಸೀಲ್ ಆಗುವ ಬಿಸಿಗೂ ಅಂತರ ಕಡಿಮೆ, ಸೀಲಿಂಗ್ ಯಂತ್ರದ ಉಷ್ಣ ನಿಯಂತ್ರಣ ಬಹಳ ಬಿಗಿಯಾಗಿರಬೇಕು. ಯಂತ್ರ ಅದಕ್ಕೆ ಒಪ್ಪುವಂತಿದ್ದರೆ ಖಂಡಿತ ಆ ದಾರಿಯೇ ಮೇಲು.

ಚೌಕಟ್ಟಿನ ಲೆಕ್ಕ

ಎಚ್‌ಪಿ ಇಂಡಿಗೊ 20000ದಂಥ ಯಂತ್ರದ ಮುದ್ರಣ ಚೌಕಟ್ಟು 736 × 1100 ಮಿಮೀ. ಪೌಚನ್ನು ಬಿಡಿಸಿ ಹರಡಿದರೆ ಮುಂಭಾಗ 240, ಬುಡ 80, ಬೆನ್ನು 240, ಒಟ್ಟು 560 ಮಿಮೀ. ಇದು ರೋಲಿನ ಅಗಲಕ್ಕೆ ಕೂರುತ್ತದೆ. ರೋಲಿನ ಉದ್ದಕ್ಕೆ 160ರಂತೆ ಆರು ಪೌಚು, 960 ಮಿಮೀ. 12,000ಕ್ಕೆ 2,000 ಚೌಕಟ್ಟು, 1,920 ಮೀಟರ್. ಬಣ್ಣ ಹೊಂದಿಸಲು, ಲ್ಯಾಮಿನೇಟರ್ ಎಳೆಯಲು, ಪೌಚು ಯಂತ್ರ ಸರಿಪಡಿಸಲು ಹೋಗುವುದನ್ನು ಸೇರಿಸಿ 2,200 ಮೀಟರಿಗೆ ಕಡಿಮೆ ಆರ್ಡರ್ ಮಾಡಬಾರದು. ಕ್ರಮಗುರುತುಗಳನ್ನೂ 12,000 ಅಲ್ಲ, 14,000 ಹುಟ್ಟಿಸಿ ಇಟ್ಟುಕೊಳ್ಳಿ.

ನಾಲ್ಕು ರುಚಿಗಳನ್ನು ಒಂದೇ ಚೌಕಟ್ಟಿನಲ್ಲಿ ಬೆರೆಸುವ ಆಸೆ ಬರುತ್ತದೆ, ತಂತ್ರ ಅದಕ್ಕೆ ಅಡ್ಡಿಯೂ ಬರುವುದಿಲ್ಲ. ಮಾಡಬೇಡಿ. ಪೌಚು ಯಂತ್ರದಿಂದ ಸಾಲಾಗಿ ಬೀಳುವ ಪೌಚುಗಳನ್ನು ಕೈಯಲ್ಲಿ ವಿಂಗಡಿಸಬೇಕಾಗುತ್ತದೆ. ಒಂದು ರುಚಿಯಲ್ಲಿ ಹಾಲಿನ ಪುಡಿಯೋ ಎಳ್ಳೋ ಇದ್ದು, ಆ ಮಾಲು ಬೇರೆ ರುಚಿಯ ಪೌಚಿಗೆ ಬಿದ್ದರೆ, ಅಲರ್ಜಿ ಇರುವವರ ಪ್ರಾಣಕ್ಕೇ ಕುತ್ತು.

ವಿನ್ಯಾಸದ ಕಡತ

ಕಡತ ಪಿಡಿಎಫ್/ಎಕ್ಸ್-4, ಅಳತೆ ಒಂದಕ್ಕೊಂದು. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಬಣ್ಣ) 3 ಮಿಮೀ. ಸೀಲ್ ಗೆರೆಯಿಂದ ಒಳಗೆ 5 ಮಿಮೀವರೆಗೆ ಅಕ್ಷರ ಬೇಡ. ಡೈಲೈನ್ ಪ್ರತ್ಯೇಕ ಸ್ಪಾಟ್ ಬಣ್ಣದಲ್ಲಿ, ಓವರ್‌ಪ್ರಿಂಟ್ ಆಗಿಯೇ ಇರಬೇಕು. ಓವರ್‌ಪ್ರಿಂಟ್ ಮರೆತರೆ ಗೆರೆಯ ಕೆಳಗಿನ ಬಣ್ಣ ಕೊರೆದುಹೋಗಿ, ಡೈಲೈನನ್ನು ಮುದ್ರಣದಿಂದ ತೆಗೆದ ಮೇಲೂ ಕೂದಲೆಳೆಯಷ್ಟು ಬಿಳಿ ಗೀರು ಉಳಿಯುತ್ತದೆ. ಬಿಳಿ ಶಾಯಿಯ ಪದರದ ಹೆಸರು ಯಂತ್ರದಲ್ಲಿರುವ ಹೆಸರಿಗೆ ಅಕ್ಷರಕ್ಕಕ್ಷರ ಹೊಂದಬೇಕು, ಇಲ್ಲದಿದ್ದರೆ ರಿಪ್ (ಕಡತವನ್ನು ಮುದ್ರಣದ ಚುಕ್ಕಿಗಳಾಗಿ ಬದಲಿಸುವ ತಂತ್ರಾಂಶ) ಅದನ್ನು ನಾಲ್ಕು ಬಣ್ಣಗಳ ಮಿಶ್ರಣ ಎಂದುಕೊಳ್ಳುತ್ತದೆ.

ಮುದ್ರಣ ಪೆಟ್‌ನ ಒಳಮೈಗೆ ಆಗುವುದರಿಂದ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಬೇಕು; ಬಣ್ಣಗಳು ಮೊದಲು, ಬಿಳಿ ಕೊನೆಗೆ. ಬಿಳಿಯ ಅಂಚನ್ನು ಬಣ್ಣದ ಅಂಚಿಗಿಂತ 0.1ರಿಂದ 0.2 ಮಿಮೀ ಒಳಕ್ಕೆ ಎಳೆದುಕೊಳ್ಳಿ. ಎಳೆಯದಿದ್ದರೆ ಅಕ್ಷರಗಳ ಸುತ್ತ ಬಿಳಿ ಅಂಚು ಇಣುಕುತ್ತದೆ. ತಿರುಗಿಸುವ ಕೆಲಸ ರಿಪ್‌ನದೇ ಆಗಿರಲಿ, ವಿನ್ಯಾಸಕಾರ ಮಾಡಬಾರದು. ಇಲ್ಲಿ ಸಿಕ್ಕಿಬೀಳುವ ತಪ್ಪೊಂದಿದೆ. ಸ್ಥಿರ ಚಿತ್ರ ಒಂದು ಕಡತ, ಬದಲಾಗುವ ಕೋಡುಗಳು ಇನ್ನೊಂದು ಕಡತ. ಎರಡರಲ್ಲಿ ಒಂದು ಮಾತ್ರ ಎರಡು ಸಲ ತಿರುಗಿದರೆ ಅಕ್ಷರವೆಲ್ಲ ಸರಿಯಾಗಿದ್ದು ಕ್ಯೂಆರ್ ಮಾತ್ರ ಉಲ್ಟಾ ಆಗುತ್ತದೆ. ಹಲವು ಫೋನುಗಳು ಉಲ್ಟಾ ಕೋಡನ್ನೂ ಓದಿಬಿಡುವುದರಿಂದ ಫೋನ್ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಕಣ್ಣಿನಿಂದ ನೋಡಿ: ಮೂರು ದೊಡ್ಡ ಚೌಕಗಳಲ್ಲಿ ಒಂದೂ ಇಲ್ಲದ ಮೂಲೆ ಬಲಗಡೆ ಕೆಳಗಿರಬೇಕು.

ಕನ್ನಡದಂಥ ಒತ್ತಕ್ಷರದ ಲಿಪಿಯಿದ್ದರೆ ಇಂಗ್ಲಿಷಿನ ಕನಿಷ್ಠ ಗಾತ್ರವನ್ನು ನಂಬಿ ಕೂರಬೇಡಿ. 6 ಪಾಯಿಂಟಿನಲ್ಲಿ ಇಂಗ್ಲಿಷ್ ಓದಬಹುದು. ಅದೇ ಗಾತ್ರದಲ್ಲಿ ಕೆಳಗಿನ ಒತ್ತು ಮುಖ್ಯ ಅಕ್ಷರದ ಮೂರನೇ ಒಂದು ಭಾಗಕ್ಕೆ ಕುಗ್ಗಿ, ಸುರುಳಿಯ ಒಳಗಣ ಖಾಲಿ ಜಾಗ ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರವಾದರೆ ಇನ್ನೂ ಬೇಗ. 8 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ, ಬಿಳಿ ಅಕ್ಷರಕ್ಕೆ 9. ಯುನಿಕೋಡ್ ಪಠ್ಯವನ್ನು ಭಾರತೀಯ ಲಿಪಿಗಳನ್ನು ಜೋಡಿಸಬಲ್ಲ ಕಂಪೋಸರ್‌ನಲ್ಲೇ ಇಟ್ಟು, ಒತ್ತುಗಳು ಬಿಡಿಯಾಗಿ ಉದುರಿಲ್ಲವೆಂದು ಭಾಷೆ ಬಲ್ಲವರು ಓದಿದ ಮೇಲೆಯೇ ಔಟ್‌ಲೈನ್ ಮಾಡಬೇಕು, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿಸಬೇಕು. ಔಟ್‌ಲೈನ್ ಆದ ಮೇಲೆ ಕಂಡ ತಪ್ಪನ್ನು ತಿದ್ದಲು ಮೂಲ ಕಡತವೇ ಬೇಕು.

ಕೋಡು, ಪಿಕ್ಸೆಲ್ ಲೆಕ್ಕದಲ್ಲಿ

ಕೋಡಿನಲ್ಲಿರುವುದು ಬಾರ್‌ಕೋಡುಗಳ ಮಾನಕ ರೂಪಿಸುವ ಜಿಎಸ್1 ಸಂಸ್ಥೆಯ ಡಿಜಿಟಲ್ ಲಿಂಕ್ ವಿಧಾನದ ಒಂದು ವೆಬ್ ವಿಳಾಸ: ಆರಂಭದ 8 ಅಕ್ಷರ, 12 ಅಕ್ಷರದ ಡೊಮೇನ್, 01 ಎಂಬ ಗುರುತಿನ ನಂತರ 14 ಅಂಕಿಯ ಜಿಟಿಐಎನ್, 21 ಎಂಬ ಗುರುತಿನ ನಂತರ 8 ಅಕ್ಷರದ ಕ್ರಮಗುರುತು. ಗುರುತುಗಳ ಎರಡೂ ಬದಿಯ ಓರೆಗೆರೆ ಸೇರಿ ಒಟ್ಟು 50 ಅಕ್ಷರ. ಬ್ಯಾಚ್ ಮತ್ತು ದಿನಾಂಕವೂ ಸೇರಿದ್ದರೆ 70 ಆಗುತ್ತಿತ್ತು. ಮಧ್ಯಮ ತಿದ್ದುಪಡಿ ಮಟ್ಟದಲ್ಲಿ 33 × 33 ಚೌಕದ 4ನೇ ಆವೃತ್ತಿಗೆ ಹಿಡಿಸುವುದು 62 ಬೈಟ್. 70 ಅಂದರೆ 37 × 37ರ 5ನೇ ಆವೃತ್ತಿಗೆ ಹೋಗಬೇಕು.

ಇಲ್ಲಿ ಇನ್ನೊಂದು ಲಾಭ ಇದೆ. ಕ್ಯೂಆರ್‌ನ ಅಕ್ಷರಾಂಕ ಮೋಡಿಗೆ ಅಂಕಿ, ದೊಡ್ಡಕ್ಷರ ಮತ್ತು ಓರೆಗೆರೆ, ಚುಕ್ಕಿ, ವಿವರಣ ಚಿಹ್ನೆಯಂಥ ಕೆಲವೇ ಚಿಹ್ನೆ ಗೊತ್ತು, ಆದರೆ ಅಕ್ಷರಗಳನ್ನು ಅದು ಒತ್ತಾಗಿ ತುಂಬುತ್ತದೆ. ವಿಳಾಸದ ಆರಂಭ ಮತ್ತು ಡೊಮೇನ್ ದೊಡ್ಡಕ್ಷರದಲ್ಲಿದ್ದರೂ ವಿಳಾಸ ಅದೇ. ಹಾಗೆ ಬರೆದರೆ ಅದೇ 33 × 33ರಲ್ಲಿ, ಶೇ 15ರ ಬದಲು ಶೇ 25 ಹಾನಿ ತಾಳುವ ಕ್ಯೂ ಮಟ್ಟದಲ್ಲೇ 67 ಅಕ್ಷರ ಹಿಡಿಸುತ್ತದೆ. ನಮ್ಮದು 50. ಗಾತ್ರ ಬೆಳೆಯದೆ ಗಟ್ಟಿತನ ಬೆಳೆಯಿತು. ದಿನಾಂಕ ಸೇರಿಸಲು ಬೇಕಾಗುವ ಪ್ರಶ್ನಾರ್ಥಕ ಮತ್ತು ಸಮ ಚಿಹ್ನೆಗಳು ಈ ಮೋಡಿನಲ್ಲಿ ಇಲ್ಲವೇ ಇಲ್ಲ. ದಿನಾಂಕ ಬಿಟ್ಟದ್ದಕ್ಕೆ ಇದೂ ಒಂದು ಉಡುಗೊರೆ.

ಕ್ರಮಗುರುತು 1, 2, 3 ಎಂದು ಸಾಗಬಾರದು. ಹಾಗೆ ಸಾಗಿದರೆ ಒಂದು ಪೌಚು ಕೊಂಡವನು ಮುಂದಿನ ಸಾವಿರವನ್ನು ಊಹಿಸಿ ನಕಲಿ ಮಾಡಬಲ್ಲ. ಗೊಂದಲ ಮಾಡುವ ಐ, ಓ, 1, 0 ಬಿಟ್ಟು ಉಳಿದ 32 ಚಿಹ್ನೆಗಳಿಂದ 8ನ್ನು ಯಾದೃಚ್ಛಿಕವಾಗಿ ಆರಿಸಿದರೆ ಒಂದು ಲಕ್ಷ ಕೋಟಿಗೂ ಹೆಚ್ಚು ಸಾಧ್ಯತೆ. ಅವುಗಳಲ್ಲಿ 14,000 ಬಳಕೆಯಾದರೆ ಊಹೆಗೆ ಸಿಗುವುದಿಲ್ಲ.

ಈಗ ಗಾತ್ರ. ಅರ್ಧ ಮಿಮೀ ಚೌಕ ಎಂದು ಬರೆದು ಬಿಟ್ಟರೆ ಸಾಲದು. ರಿಪ್ 812 ಡಿಪಿಐನಲ್ಲಿ ಬಿಡಿಸುವಾಗ ಒಂದು ಪಿಕ್ಸೆಲ್ 0.03128 ಮಿಮೀ. ಚೌಕ 0.495 ಮಿಮೀ ಎಂದರೆ 15.8 ಪಿಕ್ಸೆಲ್, ಅರ್ಧ ಪಿಕ್ಸೆಲ್ ಬಿಡಿಸಲಾಗದ್ದರಿಂದ ಕೆಲವು ಚೌಕ 15, ಕೆಲವು 16 ಆಗುತ್ತವೆ. ಭೂತಗನ್ನಡಿ ಹಿಡಿದರೆ ಸಾಲುಗಳು ಕುಂಟುವುದು ಕಾಣುತ್ತದೆ. ಸರಿಯಾಗಿ 16 ಪಿಕ್ಸೆಲ್ ಇಡಿ: ಚೌಕ 0.5005 ಮಿಮೀ. ಸುತ್ತ ನಾಲ್ಕು ನಾಲ್ಕು ಚೌಕದ ಖಾಲಿ ಅಂಚು ಸೇರಿ 41 ಚೌಕ, 20.5 ಮಿಮೀ. ಯಂತ್ರ 600 ಡಿಪಿಐ ಆದರೆ 12 ಪಿಕ್ಸೆಲ್, 0.508 ಮಿಮೀ. ಕೋಡನ್ನು ಚಿತ್ರವಾಗಿ ಅಂಟಿಸಿ ಮೌಸಿನಿಂದ ಎಳೆದು ಹಿಗ್ಗಿಸಿದರೆ ಈ ಲೆಕ್ಕವೆಲ್ಲ ನೀರುಪಾಲು.

ಪಕ್ಕದಲ್ಲಿ ಇಎಎನ್-13 (ಅಂಗಡಿಗಳ ಮಾಮೂಲಿ ಪಟ್ಟಿಗಳ ಬಾರ್‌ಕೋಡು) ಕೂಡ ಇರಬೇಕು, ಎಲ್ಲ ಗಲ್ಲಾಗಳೂ ಇನ್ನೂ ಕ್ಯೂಆರ್ ಓದುವುದಿಲ್ಲ. ಅದರ ಪಟ್ಟಿಯ ಮೂಲ ಅಗಲ 0.330 ಮಿಮೀ, 812 ಡಿಪಿಐನಲ್ಲಿ 11 ಪಿಕ್ಸೆಲ್ ಇಟ್ಟು 0.344ಕ್ಕೆ ತಂದರೆ ಎಡಗಡೆಯ 11, ಬಲಗಡೆಯ 7 ಪಟ್ಟಿಯಷ್ಟು ಖಾಲಿ ಜಾಗ ಸೇರಿ 38.9 ಮಿಮೀ ಅಗಲ. ನಿಂತ ಪೌಚಿನ ಹೊಟ್ಟೆ ಅಡ್ಡಕ್ಕೆ ಬಾಗುವುದರಿಂದ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಮಲಗಿರಲಿ. ಎರಡೂ ಕೋಡು ಕಪ್ಪಿನಲ್ಲಿ, ಗಟ್ಟಿ ಬಿಳಿಯ ಮೇಲೆ. ಕೆಂಪು ಬೆಳಕಿನ ಸ್ಕ್ಯಾನರಿಗೆ ಕೆಂಪು, ಕಿತ್ತಳೆ ಪಟ್ಟಿಗಳು ಕಾಣುವುದೇ ಇಲ್ಲ. ಇನ್ನು ಹಿಂದೆ ಮೆಟಲೈಸ್ಡ್ ಪದರ ಇರುವಾಗ ಬಿಳಿ ತೆಳುವಾದರೆ ಹಿನ್ನೆಲೆ ಬೂದಾಗುತ್ತದೆ, ಬೆಳಕು ಕನ್ನಡಿಯಂತೆ ಒಂದೇ ದಿಕ್ಕಿಗೆ ಚಿಮ್ಮುತ್ತದೆ. ಕೋಡಿನ ಜಾಗಕ್ಕೆ ಬಿಳಿ ಎರಡು ಸಲ ಬೀಳಲಿ. ಪರೀಕ್ಷೆ ಲ್ಯಾಮಿನೇಟ್ ಆದ ಮೇಲೆ ವೆರಿಫೈಯರಿನಲ್ಲಿ (ಕೋಡಿಗೆ ದರ್ಜೆ ಕೊಡುವ ಉಪಕರಣ): ಕ್ಯೂಆರ್‌ಗೆ ಐಎಸ್‌ಒ/ಐಇಸಿ 15415, ಇಎಎನ್‌ಗೆ 15416, ದರ್ಜೆ 1.5 ಸಾಕೆಂದಿದ್ದರೂ 2.5ಕ್ಕೆ ಇಳಿದರೆ ಮುದ್ರಣ ನಿಲ್ಲಿಸುವುದು ಲೇಸು, ಮುಂದೆ ಮಡಿಕೆ, ಉಜ್ಜಾಟ, ಉಪ್ಪಿನ ಪುಡಿ ಎಲ್ಲ ಕಾದಿರುತ್ತವೆ.

ಬಣ್ಣದ ಪ್ರೂಫನ್ನೂ ಹೀಗೆಯೇ ಲ್ಯಾಮಿನೇಟ್ ಆದ ತುಂಡಿನ ಮೇಲೆ ಅಳೆಯಬೇಕು, ಕಾಗದದ ಮೇಲಲ್ಲ. ಮುಖ್ಯ ಬಣ್ಣಕ್ಕೆ ಡೆಲ್ಟಾ ಇ 2000 ಲೆಕ್ಕದಲ್ಲಿ ಬಣ್ಣದ ವ್ಯತ್ಯಾಸ 2ರ ಒಳಗೆ ಬಂದರೆ ಒಪ್ಪಿ.

ಶಾಯಿ, ಅಂಟು, ಕಾಯುವಿಕೆ

2005ರಲ್ಲಿ ಇಟಲಿಯಲ್ಲಿ ಮಕ್ಕಳ ಹಾಲಿನ ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಹಾಲಿನಲ್ಲಿ ಐಟಿಎಕ್ಸ್ ಎಂಬ ರಾಸಾಯನಿಕ ಸಿಕ್ಕಿತ್ತು. ಯುವಿ ಬೆಳಕಿಗೆ ಶಾಯಿ ಗಟ್ಟಿಯಾಗಲು ಬೆರೆಸುವ ವಸ್ತು ಅದು. ಮುದ್ರಣ ಹೊರಗಡೆ ಇತ್ತು. ಆದರೆ ಸುತ್ತಿಟ್ಟ ರೋಲಿನಲ್ಲಿ ಹೊರಮೈ ಮುಂದಿನ ಸುತ್ತಿನ ಒಳಮೈಗೆ ಒತ್ತಿಕೊಂಡೇ ಇರುತ್ತದೆ, ಅಲ್ಲಿಂದ ದಾಟಿತು. ಡಿಜಿಟಲ್ ಯಂತ್ರ ಆರಿಸುವಾಗ ಈ ಘಟನೆ ನೆನಪಿರಲಿ. ಸಾಮಾನ್ಯ ಯುವಿ ಇಂಕ್‌ಜೆಟ್ ಶಾಯಿ ಲೇಬಲ್ಲಿಗೆ ಒಗ್ಗಿದರೂ ತೆಳು ಪ್ಲಾಸ್ಟಿಕ್ ಪೌಚಿಗೆ ಒಗ್ಗದು. ಪಾಲಿಥೀನ್ ಇಂಥ ಸಣ್ಣ ಅಣುಗಳನ್ನು ತಡೆಯುವುದಿಲ್ಲ. ಶಾಯಿ ಮಾರುವವರಿಂದ ಆಹಾರ ಪೊಟ್ಟಣಕ್ಕೆ ಎಂದು ಸ್ಪಷ್ಟವಾಗಿ ಹೇಳುವ ಪತ್ರ ಬೇಕು, ಆ ಪತ್ರದಲ್ಲಿ ಪ್ರೈಮರೂ (ಶಾಯಿ ಹಿಡಿಯಲೆಂದು ಮೊದಲು ಬಳಿಯುವ ಲೇಪ) ಸೇರಿರಬೇಕು. ಪೂರ್ತಿ ಪೌಚಿಗೆ ವಲಸೆ ಪರೀಕ್ಷೆ, ಅಂದರೆ ಆಹಾರಕ್ಕೆ ಎಷ್ಟು ರಾಸಾಯನಿಕ ದಾಟುತ್ತದೆಂಬ ಪರೀಕ್ಷೆ, ಆಗಬೇಕು. ಐರೋಪ್ಯ ಒಕ್ಕೂಟದ 10/2011 ನಿಯಮದಂತೆ ಒಟ್ಟು ವಲಸೆಯ ಮಿತಿ ಚದರ ಡೆಸಿಮೀಟರಿಗೆ 10 ಮಿಗ್ರಾಂ, ಕೋಣೆಯ ಉಷ್ಣದಲ್ಲಿ ಬಹುಕಾಲ ಇಡುವ ಆಹಾರಕ್ಕೆ 40 ಡಿಗ್ರಿಯಲ್ಲಿ 10 ದಿನದ ಪರೀಕ್ಷೆ. ಎಣ್ಣೆಯಂಶದ ಮಾಲಿಗೆ ಒಣ ಆಹಾರದ ಪರೀಕ್ಷೆ ಮಾಡಿಸಿ ಸಮಾಧಾನಪಟ್ಟುಕೊಳ್ಳಬಾರದು.

ಅಂಟು ದ್ರಾವಕವಿಲ್ಲದ ಪಾಲಿಯುರೆಥೀನ್. ಅದರ ಎರಡು ಭಾಗ ಪೂರ್ತಿ ಕೂಡಿಕೊಳ್ಳುವ ಮೊದಲು ಉಳಿದ ಐಸೊಸೈನೇಟ್ ಒಳಮೈಗೆ ಬಂದು ತೇವದೊಂದಿಗೆ ಸೇರಿದರೆ ಪ್ರೈಮರಿ ಆರೊಮ್ಯಾಟಿಕ್ ಅಮೀನ್ ಹುಟ್ಟುತ್ತದೆ. ಕ್ಯಾನ್ಸರಿನ ಭಯ ಇರುವ ಗುಂಪು ಅದು. ಆದ್ದರಿಂದ ರೋಲು ಕನಿಷ್ಠ 7 ದಿನ ಬೆಚ್ಚಗಿನ ಕೋಣೆಯಲ್ಲಿ ಇರಬೇಕು. ಡಿಜಿಟಲ್ ಮುದ್ರಣ ಒಂದು ದಿನದಲ್ಲಿ ಮುಗಿಯಿತೆಂದು ಗ್ರಾಹಕ ಇಲ್ಲಿ ಅವಸರ ಮಾಡುತ್ತಾನೆ, ಮಣಿಯಬಾರದು. ಮಿಶ್ರಣದ ಅನುಪಾತ ತಪ್ಪಿದ್ದರೆ ಎಷ್ಟು ದಿನ ಇಟ್ಟರೂ ಹದ ಬರುವುದಿಲ್ಲ; ಮೂರನೇ ದಿನ ಅಂಚು ಬಿಡಿಸಿ ನೋಡಿದಾಗ ಅಂಟು ಬೆರಳಿಗೆ ಜಿಗುಟಾಗಿದ್ದರೆ ಆ ರೋಲು ಆಹಾರಕ್ಕೆ ಬೇಡ.

ಪೌಚು ಮಾಡುವುದು

ಡಿಜಿಟಲ್ ಮುದ್ರಿತ ಫಿಲ್ಮ್ ಪೌಚು ಯಂತ್ರದಲ್ಲಿ ಬೇರೆ ರೀತಿ ವರ್ತಿಸುತ್ತದೆ. ದ್ರವ ಟೋನರಿನ ಶಾಯಿ ಬಿಸಿಗೆ ಮೆತ್ತಗಾಗುವ ರಾಳ. ಸೀಲಿಂಗ್ ಜಾ (ಬಿಸಿಯಾಗಿ ಒತ್ತುವ ದವಡೆ) ತೀರಾ ಬಿಸಿಯಾದರೆ ಸೀಲ್ ಪಟ್ಟಿಯೊಳಗೆ ಪದರಗಳು ಜಾರಿ ಸುಕ್ಕು ಮೂಡುತ್ತದೆ, ಕೆಲವೊಮ್ಮೆ ಹೊರಪದರ ಎದ್ದೇ ಬರುತ್ತದೆ. ಗ್ರಾವ್ಯೂರಿನ ಹಳೆಯ ಸೆಟ್ಟಿಂಗ್ ಹಾಕಿ ಓಡಿಸಿದರೆ ಕೆಡುವುದು ಹೀಗೆಯೇ. 130 ಡಿಗ್ರಿಯಿಂದ ಶುರುಮಾಡಿ 5 ಡಿಗ್ರಿಯಂತೆ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲೂ 15 ಮಿಮೀ ಅಗಲದ ಪಟ್ಟಿ ಕತ್ತರಿಸಿ ಎಳೆದು ನೋಡಿ. ಬಲ ಏರುವುದು ನಿಂತ ಉಷ್ಣಕ್ಕೆ 5 ಡಿಗ್ರಿ ಸೇರಿಸಿ ಅಲ್ಲಿಗೆ ನಿಲ್ಲಿಸಿ. ಗುರಿ 15 ಮಿಮೀಗೆ 30 ನ್ಯೂಟನ್. ಬಲ ಸಾಲದಿದ್ದರೆ ಬಿಸಿ ಏರಿಸುವ ಬದಲು ಯಂತ್ರದ ವೇಗ ಇಳಿಸಿ ಒತ್ತುವ ಸಮಯ ಹೆಚ್ಚಿಸಿ.

ಸೋರುವ ಜಾಗ ಹೆಚ್ಚುಕಮ್ಮಿ ಯಾವಾಗಲೂ ಒಂದೇ: ಬುಡದ ಮಡಿಕೆ ಪಕ್ಕದ ಸೀಲಿಗೆ ಸೇರುವ ಮೂಲೆ. ಅಲ್ಲಿ ನಾಲ್ಕು ಪದರ ಲ್ಯಾಮಿನೇಟು, ಒಂದು ಎಳೆ ಮೇಲಕ್ಕೆ ಹೋದರೆ ಎರಡೇ. ಆ ಮೆಟ್ಟಿಲಿನ ತುದಿಯಲ್ಲಿ ಜಾ ಪೂರ್ತಿ ಒತ್ತುವುದಿಲ್ಲ, ಸೂಜಿಮೊನೆಯಷ್ಟು ಸುರಂಗ ಉಳಿಯುತ್ತದೆ. ಬಣ್ಣದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಒಳಗಿನಿಂದ ಮೂಲೆಗೆ ಸುರಿದು ಐದು ನಿಮಿಷ ಬಿಟ್ಟರೆ ಗೀರಿನಂತೆ ಹರಿದು ಹೊರಬರುತ್ತದೆ. ಜಿಪ್ಪಿನ ಎರಡು ತುದಿಗಳನ್ನೂ ಹೀಗೆಯೇ ನೋಡಬೇಕು. ಜಿಪ್ ಪೂರ್ತಿ ಚಪ್ಪಟೆಯಾಗದೆ ಉಳಿದರೆ ಅದೂ ಇಂಥದೇ ಸುರಂಗ.

ತುಂಬುವ ಸಾಲಿನ ಕ್ಯಾಮೆರಾ

ನಿಮಿಷಕ್ಕೆ 40 ಪೌಚು, ಒಂದಕ್ಕೊಂದು 300 ಮಿಮೀ ಅಂತರ. ಬೆಲ್ಟಿನ ವೇಗ ಸೆಕೆಂಡಿಗೆ 200 ಮಿಮೀ. ಒಂದು ರಾಸ್ಪ್‌ಬೆರಿ ಪೈ 5 (ಅಂಗೈಯಗಲದ ಕಂಪ್ಯೂಟರ್), ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವ ಅದರ ಗ್ಲೋಬಲ್ ಶಟರ್ ಕ್ಯಾಮೆರಾ, 16 ಮಿಮೀ ಲೆನ್ಸ್. ರೋಲಿಂಗ್ ಶಟರ್ ಕ್ಯಾಮೆರಾದಲ್ಲಿ ಓಡುವ ಚೌಕ ಓರೆಯಾಗಿ ಬೀಳುತ್ತದೆ, ಅದು ಬೇಡ. ಕ್ಯಾಮೆರಾದ 1456 ಪಿಕ್ಸೆಲ್ ಅಗಲಕ್ಕೆ 90 ಮಿಮೀ ನೋಟ ಹೊಂದಿಸಿದರೆ ಲೆನ್ಸ್ ಸುಮಾರು 300 ಮಿಮೀ ಎತ್ತರದಲ್ಲಿ ಕೂರುತ್ತದೆ, ಕೋಡಿನ ಒಂದು ಚೌಕಕ್ಕೆ 8 ಪಿಕ್ಸೆಲ್ ಸಿಗುತ್ತದೆ. ಒಡ್ಡುವ ಸಮಯ 1 ಮಿಲಿಸೆಕೆಂಡ್ ಆದರೆ ಪೌಚು ಅಷ್ಟರಲ್ಲಿ 0.2 ಮಿಮೀ ಸರಿದಿರುತ್ತದೆ, ಚೌಕದ ಶೇ 40. ಕಾಲು ಮಿಲಿಸೆಕೆಂಡಿಗೆ ಇಳಿಸಿ. ಕಡಿಮೆಯಾದ ಬೆಳಕನ್ನು ಎಲ್‌ಇಡಿಯಿಂದ ತುಂಬಿ. ಎಲ್‌ಇಡಿ ನೇರ ಮೇಲಿನಿಂದ ಬಂದರೆ ಉಬ್ಬಿದ ಪೌಚಿನ ಮೇಲೆ ಬಿಳಿ ಹೊಳಪಿನ ಗೆರೆ ಬಿದ್ದು ಕೋಡಿನ ನಡುಭಾಗ ಅಳಿಸಿಹೋಗುತ್ತದೆ. ಎರಡು ಬದಿಯಿಂದ ಓರೆಯಾಗಿ, ಹಾಲುಬಣ್ಣದ ಅಕ್ರಿಲಿಕ್ ಹಾಳೆಯ ಹಿಂದಿನಿಂದ ಬೆಳಕು ಕೊಡಿ. ಆಗಲೂ ಹೊಳೆದರೆ ದೀಪಕ್ಕೊಂದು, ಲೆನ್ಸಿಗೊಂದು ಪೋಲರೈಸರ್ ಅಡ್ಡಡ್ಡ ಹಾಕಿ.

ಕಾರ್ಖಾನೆಯ ಸೆನ್ಸರ್ 24 ವೋಲ್ಟ್, ಪೈನ ಪಿನ್ನು 3.3 ವೋಲ್ಟ್. ನಡುವೆ ಆಪ್ಟೊಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಇಲ್ಲದೆ ಜೋಡಿಸಿದರೆ ಬೋರ್ಡು ಸುಡುತ್ತದೆ. ಕ್ಯಾಮೆರಾದಿಂದ ತಳ್ಳುವ ಗೇಟಿಗೆ 450 ಮಿಮೀ; ಸಮಯ ಎಣಿಸಿ ಗೇಟು ತಿರುಗಿಸಿದರೆ ಬೆಲ್ಟ್ ನಿಂತು ಹೊರಟಾಗಲೆಲ್ಲ ತಪ್ಪು ಪೌಚು ಹೊರಗೆ ಬೀಳುತ್ತದೆ. 50 ಮಿಮೀ ವ್ಯಾಸದ ಗಾಲಿಗೆ, ಒಂದು ಸುತ್ತಿಗೆ 100 ಮಿಡಿತದ ಎನ್‌ಕೋಡರ್ ಹಾಕಿದರೆ ಮಿಡಿತಕ್ಕೆ 1.57 ಮಿಮೀ, ಗೇಟಿಗೆ 287 ಮಿಡಿತ. ಎಣಿಸುವ ಕೆಲಸಕ್ಕೆ ಪ್ರತ್ಯೇಕ ಸಣ್ಣ ಮೈಕ್ರೊಕಂಟ್ರೋಲರ್ ಇರಲಿ. ಗೇಟಿನ ಸ್ಪ್ರಿಂಗ್ ತಿರಸ್ಕಾರದ ಕಡೆಗೇ ಎಳೆಯುವಂತಿರಬೇಕು. ಓದಿ, ಒಪ್ಪಿ, ವಿದ್ಯುತ್ ಕೊಟ್ಟಾಗ ಮಾತ್ರ ಅದು ದಾರಿ ಬಿಡಬೇಕು. ಪೈ ಸ್ಥಗಿತವಾದರೂ ಕೇಬಲ್ ಕಿತ್ತರೂ ಗುರುತಿಲ್ಲದ ಒಂದು ಪೌಚೂ ಆಗ ಮುಂದೆ ಹೋಗದು.

ತಂತ್ರಾಂಶ ಕೇಳುವ ಪ್ರಶ್ನೆ ಮೂರು. ಜಿಟಿಐಎನ್ ಇಂದಿನ ರುಚಿಯದೇ? ಕ್ರಮಗುರುತು ನಮ್ಮ ಪಟ್ಟಿಯಲ್ಲಿದೆಯೇ? ಈ ಮೊದಲು ಬಂದಿದೆಯೇ? ಮೂರೂ ಸರಿಯಿದ್ದರೆ ಎಸ್‌ಕ್ಯೂಲೈಟ್ ಕಡತದಲ್ಲಿ ಆ ಸಾಲಿಗೆ ಬ್ಯಾಚ್, ದಿನಾಂಕ, ಗಳಿಗೆ ಸೇರುತ್ತದೆ. ಬ್ಯಾಚ್ ಸಂಖ್ಯೆಯನ್ನು ಪಾಳಿಯ ಆರಂಭದಲ್ಲಿ ಒಂದೇ ಸಲ, ಒಂದೇ ಕಡೆ ಕೊಡಬೇಕು. ದಿನಾಂಕ ಒತ್ತುವ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರಿಗೂ ಅದೇ ಕಡತದಿಂದ ಹೋಗಬೇಕು. ಎರಡು ಕಡೆ ಬೆರಳಚ್ಚು ಮಾಡಿದ ದಿನಾಂಕಗಳು ಒಂದಲ್ಲ ಒಂದು ದಿನ ಬೇರೆಯಾಗುತ್ತವೆ.

ಮೂರನೇ ಪ್ರಶ್ನೆ ಎರಡು ರೀತಿ ಕಾಡುತ್ತದೆ. ಪೌಚು ಬೆಲ್ಟಿನ ಮೇಲೆ ಓಲಾಡಿ ಸೆನ್ಸರನ್ನು ಎರಡು ಸಲ ತಾಗಿದರೆ ಅದೇ ಗುರುತು ಮತ್ತೆ ಬರುತ್ತದೆ, ಒಳ್ಳೆಯ ಪೌಚು ನಕಲಿಯೆಂದು ಹೊರಬೀಳುತ್ತದೆ. ಹಿಂದಿನ ಓದಿನಿಂದ 200 ಮಿಮೀ ಒಳಗೆ ಬಂದ ಅದೇ ಗುರುತನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಜವಾದ ನಕಲು ಹುಟ್ಟುವುದು ಮುದ್ರಣದಲ್ಲಿ: ಯಂತ್ರ ಮಧ್ಯೆ ನಿಂತು, ಆಪರೇಟರ್ ಕೊನೆಯ ಕೆಲವು ಚೌಕಟ್ಟುಗಳನ್ನು ಮತ್ತೆ ಕಳಿಸಿದಾಗ ಚೌಕಟ್ಟಿಗೆ ಆರು ಗುರುತು ಇಮ್ಮಡಿಯಾಗುತ್ತವೆ. ನಿಂತ ಮೇಲೆ ಹೊರಡುವಾಗ ಹಳೆಯ ಚೌಕಟ್ಟು ಬೇಡ, ಪಟ್ಟಿಯ ಮುಂದಿನ ಗುರುತುಗಳಿಂದಲೇ ಶುರುಮಾಡಿ ಎಂದು ಮೊದಲೇ ಬರೆದು ಕೊಡಬೇಕು. 14,000 ಹುಟ್ಟಿಸಿದ್ದು ಇದಕ್ಕೇ.

ಕೊನೆಯ ಪೆಟ್ಟಿಗೆ ಹೊರಟ ದಿನ ಲೆಕ್ಕ ಮುಚ್ಚಬೇಕು. ಹುಟ್ಟಿಸಿದ ಗುರುತುಗಳು ತುಂಬಿದ್ದು, ತಿರಸ್ಕರಿಸಿದ್ದು, ಪರೀಕ್ಷೆಗೆ ಕತ್ತರಿಸಿದ್ದು, ಖಾಲಿ ಉಳಿದದ್ದು, ಮುದ್ರಣವೇ ಆಗದ್ದು ಎಂದು ಐದು ಗುಂಪಿಗೆ ಬೀಳುತ್ತವೆ. ಐದರ ಮೊತ್ತ ಸರಿಯಾಗಿ 14,000 ಬರಬೇಕು. ಖಾಲಿ ಉಳಿದ ಪೌಚುಗಳನ್ನು ಕಟ್ಟು ಕಟ್ಟಿ ಒಂದೊಂದಾಗಿ ಅದೇ ಕ್ಯಾಮೆರಾದ ಕೆಳಗೆ ಓದಿಸಿ, ಡೇಟಾಬೇಸಿನಲ್ಲಿ ರದ್ದು ಎಂದು ಬರೆಸಿ, ಆಮೇಲೆ ಅಡ್ಡಕ್ಕೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಓದಿಸಲು ಹೋದರೆ ಕೋಡು ಎರಡು ತುಂಡಾಗಿರುತ್ತದೆ.